ಹಡಗಿನ ಕೊನೆಯ ಪಯಣ: ಗುಜರಿಯ ಲಾಭ ಯಾರಿಗೆ, ವಿಷದ ಪಾಲು ಯಾರಿಗೆ?

ಇಟಗಿ (ಕೊಪ್ಪಳ ಜಿಲ್ಲೆ): ಕುಕನೂರು ತಾಲ್ಲೂಕಿನ ಇಟಗಿಯಲ್ಲಿರುವ ಮಹಾದೇವ ದೇವಾಲಯ ಕ್ರಿ.ಶ. 1112ರಷ್ಟು ಹಳೆಯದು. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಒಂಬತ್ತು ಶತಮಾನಗಳ ಬಿಸಿಲು ಮಳೆಗೆ ಮೈಯೊಡ್ಡಿಯೂ ಕಲ್ಲು ಅಲ್ಲಿ ನಿಂತಿದೆ. ಇದೇ ಜಿಲ್ಲೆಯ ಗಿಣಿಗೇರಾ, ಹಿರೇಬಗನಾಳ ಸುತ್ತಮುತ್ತ ಈಗ ಕಬ್ಬಿಣದ ಕುಲುಮೆಗಳ ಕಾಲ. ಕಲ್ಲಿನ ಆಯಸ್ಸು ಕಬ್ಬಿಣಕ್ಕಿಲ್ಲ. ಅದರಲ್ಲೂ ಉಪ್ಪು ನೀರಿನಲ್ಲಿ ತೇಲುವ ಉಕ್ಕಿನ ಹಡಗಿಗೆ 25ರಿಂದ 30 ವರ್ಷವೆಂದರೆ ಮುಪ್ಪು.

ಮುಪ್ಪಾದ ಹಡಗು ಎಲ್ಲಿಗೆ ಹೋಗುತ್ತದೆ? ಅದರ ಹೊಟ್ಟೆಯಲ್ಲಿರುವ ಎಣ್ಣೆ, ಕಲ್ನಾರು, ವಿಷದ ಬಣ್ಣಗಳು ಏನಾಗುತ್ತವೆ? ಅದನ್ನು ತುಂಡರಿಸುವವರು ಯಾರು? ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಕೊಪ್ಪಳಕ್ಕೂ ಈ ಪ್ರಶ್ನೆಗಳಿಗೂ ಸಂಬಂಧವಿದೆ. ಹಡಗು ಒಡೆಯುವುದೆಂದರೆ ಮೂಲತಃ ಉಕ್ಕಿನ ವ್ಯವಹಾರ. ಹಡಗು ಮರುಬಳಕೆ ಕುರಿತ ಹಾಂಕಾಂಗ್ ಅಂತರರಾಷ್ಟ್ರೀಯ ಒಪ್ಪಂದವು 2025ರ ಜೂನ್ 26ರಂದು ಜಾರಿಗೆ ಬಂದಿದೆ. ಅದೇ ವರ್ಷ ಕೇಂದ್ರ ಸರ್ಕಾರವು ಹಡಗು ಒಡೆಯುವ ಉದ್ಯಮಕ್ಕೆ ಹೊಸ ಪ್ರೋತ್ಸಾಹಧನವನ್ನೂ ಪ್ರಕಟಿಸಿದೆ. ಈ ಹಿನ್ನೆಲೆಯಲ್ಲಿ ಉದ್ಯಮದ ಒಳಹೊರಗನ್ನು ಅರಿಯುವುದು ಅಗತ್ಯವಾಗಿದೆ.

ಕರಾವಳಿ ಕಂಡ ಮುದಿ ಹಡಗುಗಳು

ಕರ್ನಾಟಕದ ಕರಾವಳಿಯಲ್ಲಿ ಹಡಗು ಒಡೆಯುವ ದೊಡ್ಡ ಅಂಗಳಗಳಿಲ್ಲ. ಆದರೆ ಹಡಗೊಂದು ಅನಾಥವಾದರೆ ಏನಾಗುತ್ತದೆ ಎಂಬುದನ್ನು ಇಲ್ಲಿನ ಜನ ಹಲವು ಬಾರಿ ಕಂಡಿದ್ದಾರೆ.

2006ರ ಮೇ ಅಂತ್ಯದಲ್ಲಿ ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಬಳಿ ಬಂಡೆಗೆ ಅಪ್ಪಳಿಸಿತು. ಅದರಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. ಮುಂಗಾರಿನ ಅಲೆಗಳಿಗೆ ಸಿಕ್ಕಿ ಹಡಗು ಮುರಿಯಿತು. ಸೋರಿದ ತೈಲ ಗೋವಾದ ಕಡಲತೀರದವರೆಗೂ ಹಬ್ಬಿತು.

2019ರ ಅಕ್ಟೋಬರ್ ಅಂತ್ಯದಲ್ಲಿ ‘ಭಗವತಿ ಪ್ರೇಮ್’ ಎಂಬ ಹೂಳೆತ್ತುವ ಹಡಗು ಸುರತ್ಕಲ್ ಸಮೀಪದ ಗುಡ್ಡೆಕೊಪ್ಲ ತೀರದಲ್ಲಿ ನೆಲ ಕಚ್ಚಿತು. ನೀರು ಒಳನುಗ್ಗಿ, ಚಲಿಸಲಾಗದೆ ಹೋದ ಈ ಹಡಗನ್ನು ಸಮುದ್ರಕ್ಕೆ ಮರಳಿಸಲು ಆಗಲಿಲ್ಲ. ಮೀನುಗಾರರ ಕಣ್ಣೆದುರೇ ಅದು ತುಕ್ಕು ಹಿಡಿಯುತ್ತ ನಿಂತಿತು. ಕೊನೆಗೆ ಅದು ಸೇರಿದ್ದು ಗುಜರಿಗೆ. 2022ರ ಜೂನ್ 21ರಂದು ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಹಡಗು ಸಂಕಷ್ಟಕ್ಕೆ ಸಿಲುಕಿ ಮುಳುಗಿತು. ಚೀನಾದಿಂದ ಲೆಬನಾನ್‌ಗೆ ಸುಮಾರು 8,000 ಟನ್ ಉಕ್ಕಿನ ಸುರುಳಿಗಳನ್ನು ಅದು ಹೊತ್ತೊಯ್ಯುತ್ತಿತ್ತು. ಸಿರಿಯಾದ 15 ಸಿಬ್ಬಂದಿಯನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. ಹಡಗಿನಲ್ಲಿದ್ದ ನೂರಕ್ಕೂ ಹೆಚ್ಚು ಟನ್ ಇಂಧನ ಸೋರಿಕೆಯಾದರೆ ಏನು ಗತಿ ಎಂಬ ಆತಂಕ ಕರಾವಳಿಯನ್ನು ಬಹುಕಾಲ ಕಾಡಿತು.

ಈ ಮೂರೂ ಪ್ರಕರಣಗಳು ಅಪಘಾತಗಳು, ಯೋಜಿತ ಮರುಬಳಕೆಯಲ್ಲ. ಆದರೂ ಅವು ಹೇಳುವ ಮಾತು ಒಂದೇ. ಹಳೆಯ ಹಡಗು ಬರಿಯ ಕಬ್ಬಿಣದ ರಾಶಿಯಲ್ಲ. ಅದರ ಕೊನೆಯನ್ನು ಮೊದಲೇ ಯೋಚಿಸದಿದ್ದರೆ ತೀರದ ಜನರೇ ಬೆಲೆ ತೆರಬೇಕಾಗುತ್ತದೆ.

ಎಲ್ಲ ಹಡಗುಗಳ ಗತಿಯೂ ಒಂದೇ ಅಲ್ಲ. ನೌಕಾಪಡೆಯಿಂದ ನಿವೃತ್ತಗೊಂಡ ‘ಚಪಲ್’ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿದೆ. ಅಂಥ ಭಾಗ್ಯ ವಿಮಾನವಾಹಕ ನೌಕೆ ‘ವಿಕ್ರಾಂತ್’ಗೆ ಒದಗಲಿಲ್ಲ. 1997ರಲ್ಲಿ ಸೇವೆಯಿಂದ ನಿವೃತ್ತಗೊಂಡ ಅದನ್ನು 2014ರಲ್ಲಿ ಮುಂಬೈನ ದಾರುಖಾನಾದಲ್ಲಿ ಒಡೆಯಲಾಯಿತು. 2017ರಲ್ಲಿ ನಿವೃತ್ತಗೊಂಡ ‘ವಿರಾಟ್’ 2020ರ ಸೆಪ್ಟೆಂಬರಿನಲ್ಲಿ ಗುಜರಾತಿನ ಅಲಂಗ್ ತೀರ ಸೇರಿತು.

ಅಲಂಗ್ ಏಕೆ?

ಗುಜರಾತಿನ ಭಾವನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿರುವ ಅಲಂಗ್‌ನಲ್ಲಿ 1983ರಿಂದ ಹಡಗುಗಳನ್ನು ಒಡೆಯಲಾಗುತ್ತಿದೆ. ಖಂಭಾತ್ ಕೊಲ್ಲಿಯ ಸುಮಾರು 10 ಕಿ.ಮೀ. ಉದ್ದದ ಈ ತೀರವು ದೇಶದ ಹಡಗು ಒಡೆಯುವ ಕೆಲಸದ ಬಹುಪಾಲನ್ನು ಹೊತ್ತಿದೆ. 2011-12ರಲ್ಲಿ ಇಲ್ಲಿಗೆ ದಾಖಲೆಯ 415 ಹಡಗುಗಳು ಬಂದಿದ್ದವು. ಈಚಿನ ವರ್ಷಗಳಲ್ಲಿ ಈ ಸಂಖ್ಯೆ ನೂರರ ಆಸುಪಾಸಿಗೆ ಇಳಿದಿದೆ.

ಪ್ರಕೃತಿಯೇ ಅಲಂಗ್‌ಗೆ ಈ ಉದ್ಯಮವನ್ನು ಒದಗಿಸಿಕೊಟ್ಟಿದೆ ಎನ್ನಬಹುದು. ಇಲ್ಲಿ ಸಮುದ್ರದ ಉಬ್ಬರ ಮತ್ತು ಇಳಿತಗಳ ನಡುವಿನ ಅಂತರ 10 ಮೀಟರಿಗೂ ಹೆಚ್ಚು. ಮಂಗಳೂರು, ಕಾರವಾರಗಳಲ್ಲಿ ಈ ಅಂತರ ಒಂದೂವರೆ, ಎರಡು ಮೀಟರಿನ ಆಸುಪಾಸಿನಲ್ಲಷ್ಟೇ ಇರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರದ ವೇಳೆ ಹಡಗನ್ನು ಅದರದೇ ಎಂಜಿನ್ ಬಲದಿಂದ ವೇಗವಾಗಿ ದಡಕ್ಕೆ ನುಗ್ಗಿಸಲಾಗುತ್ತದೆ. ನೀರು ಇಳಿದಾಗ ಸಾವಿರಾರು ಟನ್ ತೂಕದ ಹಡಗು ಕೆಸರಿನ ಮೇಲೆ ಕುಳಿತಿರುತ್ತದೆ. ಒಣ ಹಡಗುಕಟ್ಟೆಯೂ ಬೇಡ, ಧಕ್ಕೆಯೂ ಬೇಡ. ಈ ವಿಧಾನ ಅಗ್ಗವಾಗಲು ಇದೇ ಕಾರಣ.

ನಂತರದ ಕೆಲಸ ಗ್ಯಾಸ್ ಕಟರ್‌ಗಳದು. ಆಮ್ಲಜನಕ ಮತ್ತು ಅಡುಗೆ ಅನಿಲದಂಥ ಇಂಧನದ ಜ್ವಾಲೆಯಿಂದ ಉಕ್ಕಿನ ಗೋಡೆಗಳನ್ನು ಮೂತಿಯ ಕಡೆಯಿಂದ ಕತ್ತರಿಸುತ್ತ ಬರುತ್ತಾರೆ. ಹಡಗು ಹಗುರಾದಂತೆ ಅದನ್ನು ಸರಪಳಿ ಹಾಕಿ ಇನ್ನಷ್ಟು ಮೇಲಕ್ಕೆ ಎಳೆಯಲಾಗುತ್ತದೆ. ದೊಡ್ಡ ತುಂಡುಗಳನ್ನು ಕ್ರೇನ್‌ಗಳು ಅಂಗಳಕ್ಕೆ ಸಾಗಿಸುತ್ತವೆ. ಅಲ್ಲಿ ಅವನ್ನು ತಗಡುಗಳಾಗಿ ಸಣ್ಣದು ಮಾಡುತ್ತಾರೆ.

ಹಡಗಿನ ತೂಕದ ಶೇ 90ಕ್ಕೂ ಹೆಚ್ಚು ಭಾಗ ಮತ್ತೆ ಬಳಕೆಗೆ ಬರುತ್ತದೆ. ಒಳ್ಳೆಯ ತಗಡುಗಳನ್ನು ಕರಗಿಸದೆಯೇ ಕಾಯಿಸಿ ಲಟ್ಟಿಸಿ ಸರಳು, ಪಟ್ಟಿಗಳನ್ನಾಗಿ ಮಾಡುವ ಗಿರಣಿಗಳಿವೆ. ಉಳಿದದ್ದು ವಿದ್ಯುತ್ ಕುಲುಮೆಗೆ ಹೋಗುತ್ತದೆ. ಜನರೇಟರ್, ಪಂಪು, ತಾಮ್ರದ ತಂತಿಗಳಿಂದ ಹಿಡಿದು ಮಂಚ, ಕುರ್ಚಿ, ಪಿಂಗಾಣಿ ತಟ್ಟೆಗಳವರೆಗೆ ಎಲ್ಲವನ್ನೂ ಅಲಂಗ್ ರಸ್ತೆಯ ಅಂಗಡಿಗಳಲ್ಲಿ ಮಾರಲಾಗುತ್ತದೆ. ಹಡಗಿನ ಬೆಲೆ ನಿಗದಿಯಾಗುವುದೂ ಅದರಲ್ಲಿರುವ ಲೋಹದ ತೂಕದ ಮೇಲೆಯೇ.

ಹೊಟ್ಟೆಯೊಳಗಿನ ವಿಷ

ಉಳಿದ ಪಾಲು ತೂಕದಲ್ಲಿ ಚಿಕ್ಕದು, ಅಪಾಯದಲ್ಲಿ ದೊಡ್ಡದು. ಹಳೆಯ ಹಡಗುಗಳ ಎಂಜಿನ್ ಕೋಣೆ, ಕೊಳವೆ, ಗೋಡೆಗಳಲ್ಲಿ ಶಾಖ ಮತ್ತು ಬೆಂಕಿ ತಡೆಯಲು ಕಲ್ನಾರನ್ನು ಯಥೇಚ್ಛವಾಗಿ ಬಳಸಲಾಗಿತ್ತು. ವಿದ್ಯುತ್ ತಂತಿಗಳ ಹೊದಿಕೆಯಲ್ಲಿ ಪಿಸಿಬಿ ಎಂಬ ಕರಗದ ರಾಸಾಯನಿಕವಿರುತ್ತದೆ. ಬಣ್ಣದಲ್ಲಿ ಸೀಸವಿರುತ್ತದೆ. ಕಡಲ ಚಿಪ್ಪುಗಳು ಅಂಟಿಕೊಳ್ಳದಿರಲೆಂದು ಹಡಗಿನ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯೂಟೈಲ್ ಟಿನ್ ಬಣ್ಣವು ಶಂಖ, ಚಿಪ್ಪುಜೀವಿಗಳ ಸಂತಾನಶಕ್ತಿಯನ್ನೇ ಕೆಡಿಸುತ್ತದೆ. ಟ್ಯಾಂಕುಗಳ ತಳದಲ್ಲಿ ಎಣ್ಣೆಯ ಕೆಸರು, ಶೀತಲೀಕರಣ ಯಂತ್ರಗಳಲ್ಲಿ ಓಜೋನ್ ಪದರಕ್ಕೆ ಮಾರಕವಾದ ಅನಿಲ, ಉಪಕರಣಗಳಲ್ಲಿ ಪಾದರಸ. ಪಟ್ಟಿ ಇನ್ನೂ ಉದ್ದವಿದೆ.

ದಡದಲ್ಲೇ ಒಡೆಯುವ ಕ್ರಮದ ದೊಡ್ಡ ದೋಷ ಇಲ್ಲಿದೆ. ಕತ್ತರಿಸುವಾಗ ಉದುರಿದ ಬಣ್ಣದ ಚಕ್ಕೆ, ಸೋರಿದ ಎಣ್ಣೆ ಕೆಸರಿಗೆ ಬೀಳುತ್ತದೆ. ದಿನಕ್ಕೆರಡು ಬಾರಿ ಬರುವ ಉಬ್ಬರ ಅದನ್ನು ಸಮುದ್ರಕ್ಕೆ ಒಯ್ಯುತ್ತದೆ. ಕಾಂಕ್ರೀಟ್ ನೆಲವಿರುವ ಒಣ ಹಡಗುಕಟ್ಟೆಯಲ್ಲಿ ಅದನ್ನು ಗುಡಿಸಿ ಸಂಗ್ರಹಿಸಬಹುದು. ಉಬ್ಬರದ ತೀರದಲ್ಲಿ ಅದು ಕಷ್ಟ. ಅಲಂಗ್‌ನ ಹಲವು ಅಂಗಳಗಳು ಈಚಿನ ವರ್ಷಗಳಲ್ಲಿ ಕಾಂಕ್ರೀಟ್ ನೆಲ, ದೊಡ್ಡ ಕ್ರೇನ್‌ಗಳನ್ನು ಅಳವಡಿಸಿಕೊಂಡಿವೆ. ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಪ್ರತ್ಯೇಕ ತಾಣವೂ ಅಲ್ಲಿದೆ. ಆದರೂ ಹಡಗಿನ ಮೊದಲ ತುಂಡುಗಳು ಬೀಳುವ ಜಾಗ ಉಬ್ಬರದ ವ್ಯಾಪ್ತಿಯಲ್ಲೇ ಇದೆ ಎಂಬುದು ಪರಿಸರವಾದಿಗಳ ಮುಖ್ಯ ಆಕ್ಷೇಪ.

ದುಡಿಯುವವರ ಪಾಡು

ಹಡಗು ಒಡೆಯುವುದು ಜಗತ್ತಿನ ಅತ್ಯಂತ ಅಪಾಯಕಾರಿ ಉದ್ಯೋಗಗಳಲ್ಲಿ ಒಂದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗುರುತಿಸಿದೆ. ಅಲಂಗ್‌ನಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾಗಳಿಂದ ವಲಸೆ ಬಂದವರು. ಬರಗಾಲದಲ್ಲಿ ಕೊಪ್ಪಳ, ರಾಯಚೂರು ಜಿಲ್ಲೆಗಳ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುವುದನ್ನು ಕಂಡವರಿಗೆ ಈ ವಲಸೆಯ ಕಾರಣವನ್ನು ಬೇರೆ ವಿವರಿಸಬೇಕಿಲ್ಲ.

ಅಪಾಯಗಳು ಎರಡು ಬಗೆ. ಮೊದಲನೆಯದು ಕ್ಷಣದಲ್ಲಿ ಕೊಲ್ಲುವಂಥದ್ದು. ಎಣ್ಣೆ ಟ್ಯಾಂಕಿನಲ್ಲಿ ಉಳಿದ ಅನಿಲಕ್ಕೆ ಕಟರ್‌ನ ಕಿಡಿ ತಗುಲಿದರೆ ಸ್ಫೋಟ. ಮುಚ್ಚಿದ ಕೋಣೆಗಳಲ್ಲಿ ತುಕ್ಕು ಆಮ್ಲಜನಕವನ್ನು ಹೀರಿರುತ್ತದೆ; ಒಳಗಿಳಿದವನು ಉಸಿರುಗಟ್ಟಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನದೂ ಅದೇ ಗತಿಯಾಗಬಹುದು. ಎತ್ತರದಿಂದ ಬೀಳುವುದು, ಕತ್ತರಿಸಿದ ತಗಡು ಮೈಮೇಲೆ ಉರುಳುವುದು ಇನ್ನುಳಿದ ಕಾರಣಗಳು. 2014ರ ಜೂನ್ 28ರಂದು ಅಲಂಗ್‌ನಲ್ಲಿ ಹಡಗೊಂದರ ಒಳಗೆ ಸಂಭವಿಸಿದ ಅನಿಲ ಸ್ಫೋಟದಲ್ಲಿ ಐವರು ಕಾರ್ಮಿಕರು ಮೃತಪಟ್ಟರು. 2016ರ ನವೆಂಬರ್ 1ರಂದು ಪಾಕಿಸ್ತಾನದ ಗಡಾನಿಯಲ್ಲಿ ತೈಲ ಹಡಗು ಸ್ಫೋಟಗೊಂಡು ಕನಿಷ್ಠ 26 ಮಂದಿ ಸತ್ತರು. ಈ ಉದ್ಯಮದ ಮೇಲೆ ಕಣ್ಣಿಟ್ಟಿರುವ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟದ ಲೆಕ್ಕದಂತೆ 2009ರಿಂದ ಈಚೆಗೆ ದಕ್ಷಿಣ ಏಷ್ಯಾದ ಅಂಗಳಗಳಲ್ಲಿ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದಾರೆ.

ಎರಡನೆಯದು ನಿಧಾನವಾಗಿ ಕೊಲ್ಲುವಂಥದ್ದು. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಉಸಿರಿನೊಂದಿಗೆ ಶ್ವಾಸಕೋಶ ಸೇರಿದ ಎಳೆ ಅಲ್ಲಿಯೇ ನೆಲೆಸುತ್ತದೆ. ರೋಗ ತಲೆದೋರಲು ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಕಾರ್ಮಿಕ ಊರಿಗೆ ಮರಳಿರುತ್ತಾನೆ. ಅವನು ಯಾವ ಅಂಗಳದಲ್ಲಿ, ಯಾವ ಗುತ್ತಿಗೆದಾರನ ಕೈಕೆಳಗೆ ದುಡಿದ ಎಂಬುದಕ್ಕೆ ದಾಖಲೆ ಇರುವುದು ಅಪರೂಪ. ಆದ್ದರಿಂದ ಅವನ ಕೆಮ್ಮು ಯಾವ ಅಂಕಿಅಂಶಕ್ಕೂ ಸೇರುವುದಿಲ್ಲ, ಪರಿಹಾರವೂ ದೊರೆಯುವುದಿಲ್ಲ.

ಸುಪ್ರೀಂ ಕೋರ್ಟ್ ನೇಮಿಸಿದ್ದ ತಾಂತ್ರಿಕ ತಜ್ಞರ ಸಮಿತಿ 2006ರಲ್ಲಿ ನೀಡಿದ ವರದಿ ಈ ವಿಷಯದಲ್ಲಿ ಈಗಲೂ ಉಲ್ಲೇಖಾರ್ಹ. ಕಲ್ನಾರು ತೆಗೆಯುವ 94 ಕಾರ್ಮಿಕರ ಎಕ್ಸ್-ರೇ ತಪಾಸಣೆ ನಡೆಸಿದಾಗ 15 ಮಂದಿಯ ಶ್ವಾಸಕೋಶದಲ್ಲಿ ಕಲ್ನಾರು ರೋಗದ ಆರಂಭಿಕ ಲಕ್ಷಣ ಕಂಡಿತ್ತು. ಮಾರಕ ಅಪಘಾತಗಳ ಪ್ರಮಾಣ ಗಣಿಗಾರಿಕೆಯಲ್ಲಿ ಸಾವಿರ ಕಾರ್ಮಿಕರಿಗೆ 0.34 ಇದ್ದರೆ, ಹಡಗು ಒಡೆಯುವಲ್ಲಿ ಅದು 2ರಷ್ಟಿದೆ ಎಂದೂ ಸಮಿತಿ ಹೇಳಿತ್ತು. ಗಣಿಗಳ ನಾಡಿನ ಓದುಗರು ಈ ಹೋಲಿಕೆಯ ಭಾರವನ್ನು ಬಲ್ಲರು.

ನ್ಯಾಯಾಲಯದಿಂದ ಕಾನೂನಿಗೆ

ಭಾರತದಲ್ಲಿ ಈ ಉದ್ಯಮಕ್ಕೆ ಮೊದಲು ಲಗಾಮು ಹಾಕಿದ್ದು ನ್ಯಾಯಾಲಯ. 2003ರ ಅಕ್ಟೋಬರ್ 14ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಹಡಗುಗಳು ಇಲ್ಲಿಗೆ ಬರುವ ಮುನ್ನ ಅಪಾಯಕಾರಿ ವಸ್ತುಗಳಿಂದ ಮುಕ್ತವಾಗಿರಬೇಕು ಎಂದಿತು. 2006ರಲ್ಲಿ ಫ್ರಾನ್ಸ್‌ನ ವಿಮಾನವಾಹಕ ನೌಕೆ ‘ಕ್ಲೆಮೆನ್ಸೊ’ ಅಲಂಗ್‌ನತ್ತ ಹೊರಟಿತ್ತು. ಅದರಲ್ಲಿದ್ದ ಕಲ್ನಾರಿನ ವಿಚಾರ ಎರಡೂ ದೇಶಗಳಲ್ಲಿ ವಿವಾದವಾಗಿ, ಫ್ರಾನ್ಸ್ ಅಧ್ಯಕ್ಷರು ಅದನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆಸಿಕೊಂಡರು. ಅದೇ ವರ್ಷ ಬಂದ ಪ್ರವಾಸಿ ಹಡಗು ‘ಬ್ಲೂ ಲೇಡಿ’ಯನ್ನು ಒಡೆಯಲು 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಷರತ್ತಿನ ಅನುಮತಿ ನೀಡಿತು. ಉದ್ಯೋಗ ಮತ್ತು ಪರಿಸರವನ್ನು ಒಂದೇ ತಕ್ಕಡಿಯಲ್ಲಿ ತೂಗಿದ ಆ ತೀರ್ಪು ಚರ್ಚೆಗೆ ಗ್ರಾಸವಾಯಿತು.

2013ರಲ್ಲಿ ಕೇಂದ್ರವು ಹಡಗು ಒಡೆಯುವ ಸಂಹಿತೆ ಪ್ರಕಟಿಸಿತು. 2019ರ ಡಿಸೆಂಬರಿನಲ್ಲಿ ಹಡಗುಗಳ ಮರುಬಳಕೆ ಕಾಯ್ದೆ ಬಂತು. ಅದಕ್ಕೂ ಕೆಲವೇ ದಿನ ಮೊದಲು, ನವೆಂಬರ್ 28ರಂದು ಭಾರತವು ಹಾಂಕಾಂಗ್ ಒಪ್ಪಂದವನ್ನು ಸೇರಿತ್ತು. 2009ರಲ್ಲಿ ರೂಪುಗೊಂಡ ಈ ಒಪ್ಪಂದ ಜಾರಿಯಾಗಲು ಕನಿಷ್ಠ 15 ದೇಶಗಳ ಸಹಮತ, ಜಗತ್ತಿನ ವಾಣಿಜ್ಯ ಹಡಗು ಸಾಮರ್ಥ್ಯದ ಶೇ 40ರಷ್ಟು ಪಾಲು ಮತ್ತು ನಿಗದಿತ ಮರುಬಳಕೆ ಸಾಮರ್ಥ್ಯ ಬೇಕಿತ್ತು. 2023ರ ಜೂನ್ 26ರಂದು ಬಾಂಗ್ಲಾದೇಶ ಮತ್ತು ಲೈಬೀರಿಯ ಸೇರಿದ ಮೇಲೆ ಷರತ್ತುಗಳು ಪೂರೈಸಿದವು. ಅದಾದ ಎರಡು ವರ್ಷಕ್ಕೆ ಒಪ್ಪಂದ ಜಾರಿಯಾಯಿತು.

ಹೊಸ ವ್ಯವಸ್ಥೆ ಹೇಳುವುದೇನು? 500 ಟನ್ ಮತ್ತು ಅದಕ್ಕೂ ಮೀರಿದ ಗಾತ್ರದ ಪ್ರತಿ ವಾಣಿಜ್ಯ ಹಡಗು ತನ್ನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಇಟ್ಟುಕೊಳ್ಳಬೇಕು. ಒಡೆಯುವ ಮುನ್ನ ಮರುಬಳಕೆಗೆ ಸಿದ್ಧವೆಂಬ ಪ್ರಮಾಣಪತ್ರ ಪಡೆಯಬೇಕು. ಅಂಗಳಕ್ಕೆ ಸರ್ಕಾರದ ಅನುಮತಿ ಇರಬೇಕು. ಪ್ರತಿ ಹಡಗಿಗೂ ಪ್ರತ್ಯೇಕ ಯೋಜನೆ ಸಿದ್ಧಪಡಿಸಬೇಕು. ಮುಚ್ಚಿದ ಕೋಣೆಗಳ ಒಳಗಿನ ಗಾಳಿ ಸುರಕ್ಷಿತವೆಂದು ಪರೀಕ್ಷಿಸಿದ ಮೇಲಷ್ಟೇ ಕಾರ್ಮಿಕರನ್ನು ಇಳಿಸಬೇಕು. ಭಾರತದ ಕಾಯ್ದೆ ಕಾರ್ಮಿಕರಿಗೆ ವಿಮೆಯನ್ನೂ ಕಡ್ಡಾಯಗೊಳಿಸಿದೆ.

ಬಲೆಯಲ್ಲಿನ ತೂತುಗಳು

ಕಾಗದದ ಮೇಲೆ ಇದು ದೊಡ್ಡ ಮುನ್ನಡೆ. ಆದರೆ ನಾಲ್ಕು ಕೊರತೆಗಳನ್ನು ತಜ್ಞರು ಎತ್ತಿ ತೋರಿಸುತ್ತಾರೆ.

ಒಂದು, ಹಾಂಕಾಂಗ್ ಒಪ್ಪಂದ ದಡದಲ್ಲಿ ಒಡೆಯುವ ಕ್ರಮವನ್ನು ನಿಷೇಧಿಸಿಲ್ಲ. ಐರೋಪ್ಯ ಒಕ್ಕೂಟದ ನಿಯಮ ಇದಕ್ಕಿಂತ ಬಿಗಿ. ಅದರ ಅನುಮೋದಿತ ಅಂಗಳಗಳ ಪಟ್ಟಿಯಲ್ಲಿ ಟರ್ಕಿಯ ಅಂಗಳಗಳಿವೆ. ಭಾರತದ ಅಂಗಳಗಳಿಗೆ ಅಲ್ಲಿ ಸ್ಥಾನ ಸಿಕ್ಕಿಲ್ಲ.

ಎರಡು, ಧ್ವಜ ಬದಲಿಸುವ ಆಟ. ಶ್ರೀಮಂತ ದೇಶದ ಮಾಲೀಕ ಹಳೆಯ ಹಡಗನ್ನು ನಗದು ಕೊಟ್ಟು ಕೊಳ್ಳುವ ಮಧ್ಯವರ್ತಿಗೆ ಮಾರುತ್ತಾನೆ. ಮಧ್ಯವರ್ತಿ ಅದಕ್ಕೆ ಕೊಮೊರೊಸ್, ಪಲಾವ್‌ನಂಥ ಪುಟ್ಟ ದೇಶದ ಧ್ವಜ ಏರಿಸಿ ಕೊನೆಯ ಪಯಣಕ್ಕೆ ಕಳುಹಿಸುತ್ತಾನೆ. ಹಡಗಿನಿಂದ ದಶಕಗಳ ಕಾಲ ಲಾಭ ಪಡೆದವನು ಅದರ ವಿಷಕ್ಕೆ ಹೊಣೆಯಾಗುವುದಿಲ್ಲ.

ಮೂರು, ಯುದ್ಧನೌಕೆಗಳು ಮತ್ತು ಚಿಕ್ಕ ಹಡಗುಗಳು ಒಪ್ಪಂದದ ಹೊರಗಿವೆ. ಕರ್ನಾಟಕದ ಬಂದರುಗಳಲ್ಲಿ ಬಳಕೆ ತಪ್ಪಿ ನಿಲ್ಲುವ ಮೀನುಗಾರಿಕೆ ದೋಣಿಗಳಿಗೆ, ಅದರಲ್ಲೂ ಕರಗದ ಫೈಬರ್ ದೋಣಿಗಳಿಗೆ, ಇವುಗಳಿಂದ ಉತ್ತರ ದೊರೆಯದು.

ನಾಲ್ಕು, ಒಪ್ಪಂದದ ಕಣ್ಣು ಅಂಗಳದ ಗೇಟಿನವರೆಗೆ ಮಾತ್ರ. ಗೇಟು ದಾಟಿದ ತ್ಯಾಜ್ಯದ ಮುಂದಿನ ದಾರಿ ಆಯಾ ದೇಶದ ಉಸ್ತುವಾರಿಗೆ ಬಿಟ್ಟದ್ದು. ವರ್ಷಗಳ ನಂತರ ಊರಿನಲ್ಲಿ ಕಾಯಿಲೆ ಬೀಳುವ ಕಾರ್ಮಿಕನ ಶ್ವಾಸಕೋಶವೂ ಗೇಟಿನ ಆಚೆಗೇ ಉಳಿಯುತ್ತದೆ.

ಕೊಪ್ಪಳದ ದೂಳಿಗೂ ನಂಟು

ಕೇಂದ್ರ ಸರ್ಕಾರದ 2019ರ ಉಕ್ಕು ಗುಜರಿ ಮರುಬಳಕೆ ನೀತಿಯ ಪ್ರಕಾರ, ಒಂದು ಟನ್ ಗುಜರಿಯನ್ನು ಬಳಸಿದರೆ 1.1 ಟನ್ ಕಬ್ಬಿಣದ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು ಮತ್ತು 55 ಕಿಲೋ ಸುಣ್ಣದಕಲ್ಲು ಉಳಿಯುತ್ತದೆ. ಅಷ್ಟು ಅದಿರಿಗಾಗಿ ಸಂಡೂರಿನ ಗುಡ್ಡ ಅಗೆಯಬೇಕಿಲ್ಲ, ಅಷ್ಟು ಕಲ್ಲಿದ್ದಲು ಸುಡಬೇಕಿಲ್ಲ.

ಕೊಪ್ಪಳ ಭಾಗದ ಮೆದು ಕಬ್ಬಿಣದ ಘಟಕಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಅದಿರನ್ನು ಕಲ್ಲಿದ್ದಲಿನೊಂದಿಗೆ ಕಾಯಿಸಿ ತಯಾರಿಸುವ ಮೆದು ಕಬ್ಬಿಣವು ವಿದ್ಯುತ್ ಕುಲುಮೆಗಳಲ್ಲಿ ಗುಜರಿಗೆ ಬದಲಿಯಾಗಿ ಬಳಕೆಯಾಗುತ್ತದೆ. ದೇಶದಲ್ಲಿ ಒಳ್ಳೆಯ ಗುಜರಿಯ ಕೊರತೆ ಇರುವುದೂ ಈ ಘಟಕಗಳು ಹೆಚ್ಚಲು ಒಂದು ಕಾರಣ. ಇವುಗಳ ಹೊಗೆ ಮತ್ತು ಕಪ್ಪು ದೂಳಿನ ಬಗ್ಗೆ ಗಿಣಿಗೇರಾ, ಹಿರೇಬಗನಾಳ ಸುತ್ತಲಿನ ರೈತರು ವರ್ಷಗಳಿಂದ ದೂರುತ್ತಿದ್ದಾರೆ. ನಗರದ ಅಂಚಿನಲ್ಲಿ ಬೃಹತ್ ಉಕ್ಕು ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ನಡೆಯಿತು. ಗವಿಮಠದ ಶ್ರೀಗಳೂ ಅಂದು ಜನರ ಜೊತೆ ನಿಂತರು.

ಹಾಗೆಂದು ಹಡಗಿನ ಗುಜರಿಯೇ ಕೊಪ್ಪಳದ ದೂಳಿಗೆ ಮದ್ದು ಎನ್ನಲಾಗದು. ದೇಶದ ಉಕ್ಕಿನ ಬೇಡಿಕೆಯಲ್ಲಿ ಅದರ ಪಾಲು ಶೇ 1ರಿಂದ 2ರಷ್ಟು ಮಾತ್ರ. ಒಂದೂರಿನ ದೂಳು ತಗ್ಗಿಸಲು ಇನ್ನೊಂದೂರಿನ ಕಾರ್ಮಿಕ ಕಲ್ನಾರು ಉಸಿರಾಡಬೇಕೆಂದರೆ ಅದು ಹಸಿರು ಉಕ್ಕೂ ಆಗುವುದಿಲ್ಲ.

ಮುಂದೇನು?

2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು ಹಡಗು ನಿರ್ಮಾಣ ಕ್ಷೇತ್ರಕ್ಕೆ 69,725 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಅದರಲ್ಲಿ 4,001 ಕೋಟಿ ರೂಪಾಯಿ ಹಡಗು ಒಡೆಯುವ ‘ಕ್ರೆಡಿಟ್ ನೋಟ್’ಗೆ ಮೀಸಲು. ಭಾರತದ ಅಂಗಳದಲ್ಲಿ ಹಳೆಯ ಹಡಗು ಒಡೆಸಿದ ಮಾಲೀಕನಿಗೆ ಗುಜರಿ ಮೌಲ್ಯದ ಶೇ 40ರಷ್ಟು ಮೊತ್ತದ ಪತ್ರ ಸಿಗುತ್ತದೆ. ಇಲ್ಲಿಯೇ ಹೊಸ ಹಡಗು ಕಟ್ಟಿಸುವಾಗ ಅದನ್ನು ಬಳಸಿಕೊಳ್ಳಬಹುದು. ಇದರಿಂದ ಅಂಗಳಗಳಿಗೆ ಬರುವ ಹಡಗುಗಳ ಸಂಖ್ಯೆ ಮತ್ತೆ ಏರುವ ನಿರೀಕ್ಷೆ ಇದೆ.

ಸಂಖ್ಯೆ ಏರಿದರೆ ಕೈಗಳೂ ಹೆಚ್ಚು ಬೇಕು. ಆ ಕೈಗಳ ರಕ್ಷಣೆಗೆ ದುಬಾರಿ ತಂತ್ರಜ್ಞಾನವೇ ಬೇಕೆಂದಿಲ್ಲ. ಪ್ರತಿ ಕಾರ್ಮಿಕನಿಗೂ ಊರಿಗೆ ಮರಳಿದ ಮೇಲೂ ಉಳಿಯುವ ಉದ್ಯೋಗ ಮತ್ತು ಆರೋಗ್ಯ ದಾಖಲೆ ಬೇಕು. ಕಲ್ನಾರು ಮುಟ್ಟಿದವರಿಗೆ ಕೆಲಸ ಬಿಟ್ಟ ನಂತರವೂ ನಿಯಮಿತ ಎದೆ ತಪಾಸಣೆ ಬೇಕು. ಗುತ್ತಿಗೆದಾರ ಬದಲಾದರೂ ಹೊಣೆ ಅಂಗಳದ ಮಾಲೀಕನದೇ ಎಂಬ ನಿಯಮ ಬೇಕು. ಅಪಘಾತಗಳ ತನಿಖಾ ವರದಿ ಸಾರ್ವಜನಿಕರಿಗೆ ಸಿಗುವಂತಿರಬೇಕು. ಪ್ರೋತ್ಸಾಹಧನಕ್ಕೆ ಈ ಷರತ್ತುಗಳನ್ನು ಜೋಡಿಸುವ ಅವಕಾಶ ಸರ್ಕಾರದ ಕೈಯಲ್ಲಿದೆ.

2025ರ ಜೂನ್‌ಗೆ ಮೊದಲು ನಿರ್ಮಾಣವಾದ ಹಡಗುಗಳು ತಮ್ಮ ಅಪಾಯಕಾರಿ ವಸ್ತುಗಳ ಪಟ್ಟಿ ಸಿದ್ಧಪಡಿಸಲು 2030ರ ಜೂನ್‌ವರೆಗೆ ಕಾಲಾವಕಾಶ ಪಡೆದಿವೆ. ಅವುಗಳಲ್ಲಿ ಹಲವು ಅಷ್ಟರೊಳಗೆ ಅಲಂಗ್‌ನ ಕೆಸರಿಗೆ ಬಂದು ನಿಲ್ಲುತ್ತವೆ. ಹಡಗಿನೊಳಗೆ ಏನೇನಿದೆ ಎಂಬ ಪಟ್ಟಿ ಆ ಹೊತ್ತಿಗೆ ಸಿದ್ಧವಾಗಬಹುದು. ಅದನ್ನು ಕತ್ತರಿಸಿದವರು ಯಾರು, ಅವರ ಆರೋಗ್ಯ ಏನಾಯಿತು ಎಂಬ ಪಟ್ಟಿಯನ್ನೂ ಸಿದ್ಧಪಡಿಸಿದಾಗಲೇ ಈ ಕೆಲಸ ಮರುಬಳಕೆ ಎಂಬ ಹೆಸರಿಗೆ ತಕ್ಕದ್ದಾಗುತ್ತದೆ.